ಎರಡು ಪೆಟ್ಟಿನ ಜಾಗ

ಸಂಜೆ ಐದೂವರೆಗೆ ಗಾಣದ ಮನೆಯೊಳಗೆ ಗಿಟಾರು ಕೇಳಿಸಿತು. ಬಾಗಿಲಿಗೆ ಬೀಗವಿತ್ತು. ಬೀಗದ ಕೈ ನನ್ನ ಜೇಬಿನಲ್ಲಿತ್ತು. ಆ ದಿನ ತಾಲೀಮಿಗೆ ಬಂದಿದ್ದವರು ನಾನು ಮತ್ತು ತಿಪ್ಪಕ್ಕ ಇಬ್ಬರೇ. ಇಬ್ಬರೂ ಇನ್ನೂ ಹೊರಗಿನ ಮೆಟ್ಟಿಲ ಹತ್ತಿರವೇ ಇದ್ದೆವು.

ನುಡಿದದ್ದು ಬೀಸುವ ಪದದ ಶುರುವಿನ ಸಾಲು. ಕೆಳಗಿನ ಸ್ವರದಿಂದ ಮೇಲಕ್ಕೆ ಒಂದೇ ಎಳೆತದಲ್ಲಿ ಜಾರಿ, ತುದಿಯಲ್ಲಿ ತುಸು ನಡುಗಿ, ಬೀಸುವ ಕಲ್ಲು ಕೈಬಿಟ್ಟ ಮೇಲೂ ಒಂದು ಸುತ್ತು ತಿರುಗುವ ಹಾಗೆ ನಿಧಾನವಾಗಿ ಇಳಿಯುವ ಸಾಲು. ಅದನ್ನು ಕಟ್ಟಿದವನು ನಮ್ಮ ತಂಡದ ಮೊದಲ ಗಿಟಾರಿಗ ಓಂಕಾರಪ್ಪ. ಊರಿನಲ್ಲಿ ಅದಕ್ಕೆ ಓಂಕಾರಿ ಸಾಲು ಎಂದೇ ಹೆಸರು. ಹಾಡುವ ತಿಪ್ಪಕ್ಕ ಮೆಟ್ಟಿಲ ಮೇಲೆ ಕುಳಿತುಕೊಂಡಳು. ಏಕತಾರಿಯನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು, ಸಾಲನ್ನು ಎರಡನೇ ಸಲ ಮುಗಿಯುವವರೆಗೆ ಕೇಳಿ, "ಓಂಕಾರಿ ಹೋದ," ಅಂದಳು.

ನಮ್ಮೂರಲ್ಲಿ ಹುಟ್ಟಿದವರು ಎಲ್ಲಿ ಸತ್ತರೂ ಅವರದೊಂದು ಸದ್ದು ಊರಿಗೆ ಬರುತ್ತದೆ. ಬದುಕಿದ್ದಾಗ ಎಲ್ಲಿ ಆ ಸದ್ದು ಮಾಡುತ್ತಿದ್ದರೋ ಅಲ್ಲೇ ಬರುತ್ತದೆ. ಅದನ್ನು ಉಳಿಕೆ ಅನ್ನುತ್ತೇವೆ. ನಾನು ಕೆಲಸ ಮಾಡುವ ಪತ್ರಿಕೆಯಲ್ಲಿ ಬಾಡಿಗೆ ಮನೆಯ ಜಾಹೀರಾತು ಬಂದರೆ ಅದರಲ್ಲಿ ಎರಡು ಕೋಣೆ, ನಲ್ಲಿ ನೀರು, ಬೆಳಗ್ಗೆ ಒಂದು ಕೆಮ್ಮು ಎಂದು ಬರೆದಿರುತ್ತದೆ. ಕೆಮ್ಮು ಇರುವುದನ್ನು ಮುಚ್ಚಿಟ್ಟು ಮನೆ ಕೊಟ್ಟವರೊಡನೆ ಜಗಳಗಳಾಗಿವೆ. ಪೋಸ್ಟಾಫೀಸಿನಲ್ಲಿ ತೀರಿಹೋದ ಪೋಸ್ಟ್‌ಮಾಸ್ತರರ ಮೊಹರಿನ ಸದ್ದು ಹನ್ನೊಂದಕ್ಕೆ ಬರುತ್ತದೆ, ಆಗ ಕಿಟಕಿಯ ಮುಂದಿನವರು ಕೈ ಹಿಂದೆ ತೆಗೆದುಕೊಳ್ಳುತ್ತಾರೆ. ಕೆಲವು ಉಳಿಕೆಗಳು ಹೊತ್ತಿಗೆ ಬರುವುದಿಲ್ಲ, ಜೊತೆ ಸಿಕ್ಕರೆ ಬರುತ್ತವೆ. ಹಳೇ ಪೇಟೆಯ ಕ್ಷೌರದಂಗಡಿಯಲ್ಲಿ ಕುರ್ಚಿಯ ಮೇಲೆ ಯಾರಾದರೂ ಕುಳಿತರೆ ಮಾತ್ರ ಹಿಂದಿನ ಮಾಲೀಕನ ಕತ್ತರಿ ಕೇಳಿಸುತ್ತದೆ. ಹೊಸಬ ಅದಕ್ಕೆ ತಕ್ಕಂತೆ ತನ್ನ ಕತ್ತರಿ ಆಡಿಸುತ್ತಾನೆ.

ಮೊದಲು ಬಂದಾಗ ಉಳಿಕೆ ಬಿಡುವಿಲ್ಲದೆ ಮತ್ತೆ ಮತ್ತೆ ಬರುತ್ತದೆ. ಹತ್ತಿರದವರೊಬ್ಬರು ಹೊಸ್ತಿಲಲ್ಲಿ ನಿಂತು ಸತ್ತವರ ಹೆಸರು ಹೇಳಬೇಕು. ಆಗ ಅದು ಶಾಂತವಾಗಿ ತನ್ನ ಹೊತ್ತಿಗೆ ಹೊಂದಿಕೊಳ್ಳುತ್ತದೆ. ಇದಕ್ಕೆ ಗುರುತು ಹೇಳುವುದು ಎನ್ನುತ್ತಾರೆ. ನಮ್ಮ ಪತ್ರಿಕೆಯ ಮೂರನೇ ಪುಟದಲ್ಲಿ ಗುರುತಾದವರು ಎಂಬ ಅಂಕಣ ಇರುವುದು ಇದಕ್ಕೇ.

ತಂಡದ ಹಿಂದಿನ ಸಂಗತಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ತಂಡದ ಹೆಸರು ಗಾಣ. ಎಣ್ಣೆ ತೆಗೆಯುವುದು ನಿಂತುಹೋಗಿದ್ದ ಹಳೆಯ ಗಾಣದ ಮನೆಯಲ್ಲಿ ತಾಲೀಮು ಮಾಡುತ್ತಿದ್ದುದರಿಂದ ಆ ಹೆಸರು. ನಮ್ಮ ಪತ್ರಿಕೆಯಲ್ಲಿ ಮೊದಲ ಸುದ್ದಿ ಬಂದಾಗ ಅಚ್ಚಿನ ಮನೆಯವರು ಅಕ್ಷರ ತಪ್ಪಿದೆಯೆಂದುಕೊಂಡು ಗಾನ ಎಂದು ತಿದ್ದಿಬಿಟ್ಟರು. ಓಂಕಾರಪ್ಪ ಆ ಪುಟ ಹಿಡಿದುಕೊಂಡೇ ಕಚೇರಿಗೆ ಬಂದು, ನಮ್ಮದು ಹಿಂಡೋ ಕೆಲಸ ಪ್ರಭಣ್ಣ, ಹಾಡೋ ಕೆಲಸ ಅಂತ ಯಾರು ಹೇಳಿದ್ರು ಇವ್ರಿಗೆ, ಎಂದು ಕೇಳಿದ್ದ.

ಅದಕ್ಕೂ ಮೊದಲು ನಾನು ಮತ್ತು ಅವನು ಮದುವೆಗಳಲ್ಲಿ ರಸಮಂಜರಿ ನುಡಿಸುತ್ತಿದ್ದೆವು. ಅವನದು ಲೀಡ್ ಗಿಟಾರು, ನನ್ನದು ಬೇಸ್. ಒಂದು ಮದುವೆಯ ಸಂಜೆ ಕರೆಂಟು ಹೋಯಿತು. ಮೈಕು ಸತ್ತಿತು. ಆಗ ಒಳಗಡೆ ಹೆಂಗಸರ ನಡುವೆ ಬೀಸುವ ಪದ ಹೇಳುತ್ತಿದ್ದ ದನಿಯೊಂದು ಚಪ್ಪರದವರೆಗೂ ಕೇಳಿಸಿತು. ಅದು ತಿಪ್ಪಕ್ಕ. ಕರೆಂಟು ಬಂದ ಮೇಲೂ ಓಂಕಾರಪ್ಪ ಸಿನಿಮಾ ಹಾಡಿಗೆ ಹಿಂತಿರುಗಲಿಲ್ಲ. ಸ್ಪ್ರೇ ಪಂಪಿನಿಂದ ಕತ್ತರಿಸಿದ ಹಿತ್ತಾಳೆ ಕೊಳವೆಯ ತುಂಡೊಂದನ್ನು ಬೆರಳಿಗೆ ಸಿಕ್ಕಿಸಿಕೊಂಡು ತಂತಿಯ ಮೇಲೆ ಜಾರಿಸುತ್ತ ಆ ದನಿಯ ಹಿಂದೆ ಹೋದ. ಮೆರವಣಿಗೆಗೆಂದು ತಮಟೆ ತಂದಿದ್ದ ಚೌಡಪ್ಪ ಗೇಟಿನ ಹತ್ತಿರ ಬೀಡಿ ಸೇದುತ್ತಿದ್ದವನು ಬೀಡಿ ಎಸೆದು ಒಳಗೆ ಬಂದ. ಮದುವೆಯವರು ಬೈದರು. ನಾವು ನಾಲ್ವರು ಒಂದು ತಂಡವಾದೆವು.

ಆ ಕಾಲದ ನಮ್ಮ ಸದ್ದು ದೊಡ್ಡದು. ಗಿಟಾರಿಗೆ ತಮಟೆ, ತಮಟೆಗೆ ಗಿಟಾರು ಎದುರುಬಿದ್ದು, ನಡುವೆ ತಿಪ್ಪಕ್ಕನ ದನಿ ಹಾದಿ ಮಾಡಿಕೊಂಡು ಬರುತ್ತಿತ್ತು. ಹಿರಿಯರು ಇದು ಯಾವ ಸೀಮೆಯ ಪದ ಎಂದರು. ಕಾಲೇಜಿನ ಹುಡುಗರು ಇದು ಯಾವ ಸೀಮೆಯ ರಾಕ್ ಎಂದರು. ಎರಡು ಕ್ಯಾಸೆಟ್ಟು ಬಂದವು. ಪ್ರತಿ ಸಾಲಿನ ಕೊನೆಗೆ ಚೌಡಪ್ಪ ತಮಟೆಯ ಅಂಚಿಗೆ ಸಣ್ಣ ಕೋಲಿನಿಂದ ಎರಡು ಪೆಟ್ಟು ಹಾಕುತ್ತಿದ್ದ. ಚರ್ಮದ ಮೇಲಲ್ಲ, ಅಂಚಿಗೆ. ಬಾಗಿಲು ಬಡಿದ ಹಾಗೆ ಕೇಳುತ್ತಿತ್ತು.

ಮೂರನೇ ವರ್ಷ ಚೌಡಪ್ಪ ಜ್ವರ ಬಂದು ತೀರಿಕೊಂಡ. ಅವನಿಗೆ ಮನೆಯವರು ಅಂತ ಯಾರೂ ಉಳಿದಿರಲಿಲ್ಲ. ಗಾಣದ ಹೊಸ್ತಿಲಲ್ಲಿ ನಿಂತು ಗುರುತು ಹೇಳಿದವನು ಓಂಕಾರಪ್ಪನೇ. ಆಮೇಲೆ ತಿಪ್ಪಕ್ಕ ಅಲ್ಲಿ ಹಾಡಿದಾಗಲೆಲ್ಲ ಸಾಲಿನ ಕೊನೆಗೆ ಆ ಎರಡು ಪೆಟ್ಟು ಬಂದವು. ತಿಪ್ಪಕ್ಕ ಆ ಜಾಗವನ್ನು ಖಾಲಿ ಬಿಟ್ಟು ಹಾಡತೊಡಗಿದಳು. ನಾನೂ ಬೇಸಿನ ತಂತಿಯ ಮೇಲೆ ಕೈ ಇಟ್ಟು ತಡೆದೆ. ಊರಿನಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಓಂಕಾರಪ್ಪ ಮಾತ್ರ ಬಿಡಲಿಲ್ಲ. ಆ ಎರಡು ಪೆಟ್ಟಿನ ಮೇಲೆ ಬೇಕೆಂದೇ ಜೋರಾಗಿ ಗಿಟಾರು ಎಳೆಯುತ್ತಿದ್ದ. ಅದು ಅವನ ಜಾಗ, ಬಿಡು, ಎಂದು ತಿಪ್ಪಕ್ಕ ಎಷ್ಟು ಸಲ ಹೇಳಿದರೂ ಕೇಳಲಿಲ್ಲ. ಕೊನೆಗೆ ಒಂದು ದಿನ ಗಿಟಾರು ಕೆಳಗಿಟ್ಟು, "ಅದು ಅವನ ಜಾಗ ಅಲ್ಲ ಅಕ್ಕ. ಅವನು ಇಲ್ಲದ ಜಾಗ. ಅದನ್ನ ಕೇಳ್ಕೊಂಡು ನಾನು ಕೂರಲ್ಲ," ಅಂದ. ಹಿತ್ತಾಳೆ ಕೊಳವೆಯನ್ನು ಗಾಣದ ಕಲ್ಲಿನ ಮೇಲೆ ಬಿಟ್ಟು ಹೋದ. ಬಂದರಿನ ಊರೊಂದರ ಹೋಟೆಲಿನಲ್ಲಿ ವಾದ್ಯದವನಾಗಿ ಸೇರಿದ. ಹೆಂಡತಿ ಶಿವಲೀಲಾ ಹೊಲಿಗೆ ತರಗತಿ ನಡೆಸುತ್ತ ಇಲ್ಲೇ ಉಳಿದಳು. ಹಬ್ಬಕ್ಕೊಮ್ಮೆ ಬಂದು ಹೋಗುತ್ತಿದ್ದ. ಬಂದಾಗ ಗಾಣದ ಬೀದಿಗೆ ಕಾಲಿಡುತ್ತಿರಲಿಲ್ಲ.

ಅವನ ಜಾಗಕ್ಕೆ ಬಂದವನು ದಸ್ತಗೀರ. ರೇಡಿಯೊ ರಿಪೇರಿ ಅಂಗಡಿಯಲ್ಲಿ ಕೆಲಸ. ನಮ್ಮ ಆಂಪ್ಲಿಫೈಯರು ಕೆಟ್ಟಾಗಲೆಲ್ಲ ಅವನೇ ಸರಿಮಾಡುತ್ತಿದ್ದ. ನಮ್ಮ ಕ್ಯಾಸೆಟ್ಟುಗಳನ್ನು ಟೇಪು ಸವೆಯುವವರೆಗೂ ಕೇಳಿ ಓಂಕಾರಿ ಸಾಲನ್ನು ಕಲಿತಿದ್ದ. ಕಲಿತಿದ್ದ ಎನ್ನುವುದು ಸಾಲದು. ತುದಿಯ ನಡುಕ, ಇಳಿಯುವಾಗಿನ ಆ ಒಂದು ಹೆಚ್ಚಿನ ಸುತ್ತು, ಓಂಕಾರಪ್ಪ ಬಿಟ್ಟುಹೋಗಿದ್ದ ಅದೇ ಹಿತ್ತಾಳೆ ಕೊಳವೆ ತಂತಿಗೆ ತಾಗುವ ಕಿರುಸದ್ದು ಸಹ ಹಾಗೇ. ಪಕ್ಕದಲ್ಲಿ ನಿಂತು ಕಣ್ಣು ಮುಚ್ಚಿದರೆ ನನಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಒಂದು ಬಿಟ್ಟು. ದಸ್ತಗೀರ ಚೌಡಪ್ಪನ ಎರಡು ಪೆಟ್ಟಿಗೆ ಜಾಗ ಬಿಡುತ್ತಿದ್ದ.

ಅಲ್ಲಿಂದ ನಮ್ಮ ಸದ್ದು ಬದಲಾಯಿತು. ಹೊಸ ತಮಟೆಯವನನ್ನು ತೆಗೆದುಕೊಳ್ಳಲಿಲ್ಲ. ಹಾಡು ನಿಧಾನವಾಯಿತು, ತೆಳುವಾಯಿತು. ಚೌಡಪ್ಪನ ಪೆಟ್ಟು ಗಾಣದ ಮನೆ ಬಿಟ್ಟು ಬೇರೆಲ್ಲೂ ಬರುವುದಿಲ್ಲ, ಆದರೂ ಪರವೂರಲ್ಲಿ ನುಡಿಸುವಾಗಲೂ ಸಾಲಿನ ಕೊನೆಗೆ ಮೂವರೂ ಒಟ್ಟಿಗೆ ನಿಲ್ಲುತ್ತಿದ್ದೆವು. ಆ ಊರಿನವರಿಗೆ ಅದು ಬರೀ ಮೌನ. ಅದೇ ಅವರಿಗೆ ಹಿಡಿಸಿತು. ಜನ ಹೆಚ್ಚಾದರು. ಓಂಕಾರಿ ಸಾಲು ಶುರುವಾದ ಕೂಡಲೇ ಹಿಂದೆ ಕುಳಿತವರು ಓಂಕಾರಿ, ಓಂಕಾರಿ ಎಂದು ಕೂಗುತ್ತಿದ್ದರು. ದಸ್ತಗೀರ ನಕ್ಕು ಕೈ ಎತ್ತುತ್ತಿದ್ದ. ಒಮ್ಮೆ ಅವನು ಪದದ ಕೊನೆಗೆ ತನ್ನದೊಂದು ಸಾಲು ಸೇರಿಸಲಾ ಎಂದು ಕೇಳಿದ. ಜನ ಬರೋದು ಆ ಸಾಲಿಗೆ, ಸ್ವಲ್ಪ ದಿನ ತಡಿ, ಎಂದಳು ತಿಪ್ಪಕ್ಕ. ಆಗಲಿ ಅಕ್ಕ ಅಂದ. ಮತ್ತೆ ಕೇಳಲಿಲ್ಲ.

ಸದ್ದು ಕೇಳಿಸಿದ ದಿನ ದಸ್ತಗೀರ ಊರಲ್ಲಿರಲಿಲ್ಲ. ಆಂಪ್ಲಿಫೈಯರಿನ ಬಿಡಿಭಾಗ ತರಲು ಬೆಳಗಿನ ಬಸ್ಸಿಗೆ ನಗರಕ್ಕೆ ಹೋಗಿದ್ದ. ಅಂಗಡಿಗಳನ್ನು ಸುತ್ತಿ ಬರಲು ಮೂರು ನಾಲ್ಕು ದಿನವಾದರೂ ಆದೀತು ಎಂದು ಹೇಳಿ ಹೋಗಿದ್ದ.

ಶಿವಲೀಲಾಳನ್ನು ಕರೆತಂದವನು ಓಂಕಾರಪ್ಪನ ಅಣ್ಣ. ಅವಳ ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು. ಬಾಗಿಲು ತೆರೆದಿಟ್ಟಿದ್ದೆ. ಒಳಗೆ ಗಾಣದ ಕಲ್ಲು, ಎರಡು ಸ್ಪೀಕರ್ ಪೆಟ್ಟಿಗೆ, ಗೋಡೆಗೆ ಒರಗಿಸಿದ್ದ ಗಿಟಾರು. ತಂತಿಗಳು ಅಲುಗುತ್ತಿರಲಿಲ್ಲ. ಸಾಲು ನುಡಿಯುತ್ತಲೇ ಇತ್ತು. ಅವಳು ಪೂರ್ತಿ ಕೇಳಿ ನನ್ನ ಕಡೆ ತಿರುಗಿ, ಪ್ರಭಣ್ಣ, ನಿಮಗೆ ಖಚಿತಾನಾ ಎಂದು ಕೇಳಿದಳು. ಸಾಲು ಅವನದೇ ಎಂದೆ. ಅಷ್ಟು ನನಗೆ ಗೊತ್ತಿತ್ತು. ಅವಳು ಹೊಸ್ತಿಲಲ್ಲಿ ನಿಂತು ಗಂಡನ ಹೆಸರು ಹೇಳಿದಳು. ಸಾಲು ಮುಗಿಯಿತು. ಎಲ್ಲರೂ ಕಾದೆವು. ಮತ್ತೆ ಶುರುವಾಯಿತು.

ಹೆಸರು ಹೇಳಿದ ಮೇಲೂ ಉಳಿಕೆ ನಿಲ್ಲದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಮನೆಯಲ್ಲಿ ಕರೆಯುತ್ತಿದ್ದ ಹೆಸರು ಹೇಳು ಎಂದರು, ಹೇಳಿದಳು. ತೊಟ್ಟಿಲಲ್ಲಿ ಇಟ್ಟಿದ್ದ ಹೆಸರು ಹೇಳು ಎಂದರು, ಅದನ್ನೂ ಹೇಳಿದಳು. ಇವಳು ಮನಸ್ಸಿಟ್ಟು ಹೇಳುತ್ತಿಲ್ಲ ಎಂದು ಓಂಕಾರಪ್ಪನ ಅಣ್ಣ ತಾನೇ ಹೇಳಿ ನೋಡಿದ. ಬಂದರಿನ ಊರಿನ ಹೋಟೆಲಿಗೆ ನಮ್ಮ ಕಚೇರಿಯಿಂದ ಫೋನು ಮಾಡಿದೆ. ಅವನು ಕೆಲಸ ಬಿಟ್ಟುಹೋಗಿ ವಾರದ ಮೇಲಾಯಿತು, ಎಲ್ಲಿಗೆ ಹೋದನೋ ತಿಳಿಯದು ಎಂದರು. ಅದರ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ಮರುದಿನದ ಅಂಕಣದಲ್ಲಿ ಓಂಕಾರಪ್ಪನ ಹೆಸರು ಬಂತು.

ಕುಂಕುಮ ಒರೆಸಿಕೊಳ್ಳಬೇಕೆಂದು ಗಂಡನ ಮನೆಯ ಹೆಂಗಸರು ಬಂದು ಕುಳಿತರು. ಶಿವಲೀಲಾ ಹೊಲಿಗೆ ಮೆಷಿನ್ನಿನ ಮುಂದಿನಿಂದ ಏಳಲಿಲ್ಲ. "ಹೆಸರಿಗೆ ಅದು ನಿಂತಿಲ್ಲ. ನಿಲ್ಲದೆ ಇರೋವಾಗ ನಾನ್ಯಾಕೆ ಒರೆಸ್ಲಿ?" ಎಂದು ಕೇಳಿದಳಂತೆ. ಸಾವು ನಡೆದ ಮನೆಗೆ ನಾಲ್ಕಾರು ಕಡೆಯಿಂದ ಊಟ ಬಂತು. ಕೆರೆಯಾಚೆಯ ಬೀದಿಯಿಂದ ದಸ್ತಗೀರನ ತಾಯಿ ಖಾಸಿಂಬಿ ಒಂದು ಡಬ್ಬಿ ಶ್ಯಾವಿಗೆ ಕಳಿಸಿದ್ದಳು. ಮಗ ಬಂದ ಮೇಲೆ ಅವನೊಡನೆ ಮಾತಾಡಿಸಲು ಬರುತ್ತೇನೆಂದು ಹೇಳಿ ಕಳಿಸಿದ್ದಳು.

ಊರು ಹೊಂದಿಕೊಳ್ಳತೊಡಗಿತು. ಗಾಣದ ಪಕ್ಕದ ಶಾಲೆಯ ಮೇಷ್ಟರು ಮೂರನೇ ತರಗತಿಯನ್ನು ಬೇವಿನ ಮರದ ಕೆಳಗೆ ಕೂರಿಸಿದರು. ಎದುರಿನ ಚಹಾದಂಗಡಿಯವನು ಗಿರಾಕಿಗಳ ಮಾತು ಕೇಳಿಸದೆ ಸಕ್ಕರೆ ಬೇಡವೆಂದವರಿಗೆ ಸಕ್ಕರೆ ಹಾಕಿದ. ಮಕ್ಕಳು ಆ ಸಾಲನ್ನು ಬಾಯಲ್ಲಿ ಹೇಳಿಕೊಂಡು ಓಡಾಡಿದವು, ತಾಯಂದಿರು ಹೊಡೆದರು. ಬೆಳಗಿನಿಂದ ಸಂಜೆಯವರೆಗೆ ಅದೇ ಏರಿಕೆ, ಅದೇ ನಡುಕ, ಅದೇ ಇಳಿತ. ಏನನ್ನೋ ಕೇಳಿ ಉತ್ತರ ಸಿಗದೆ ಮತ್ತೆ ಕೇಳುವವರ ಹಾಗಿತ್ತು.

ಮೂರನೇ ದಿನದ ಸಂಜೆ ತಿಪ್ಪಕ್ಕ, ನಾನು ಇವನ ಜೊತೆ ಹಾಡ್ತೀನಿ, ಆಗಲಾದರೂ ಸಮಾಧಾನ ಆಗುತ್ತೋ ನೋಡೋಣ ಅಂದಳು. ಶಿವಲೀಲಾ ಹೊಸ್ತಿಲ ಹೊರಗೆ ಕುಳಿತಿದ್ದಳು. ತಿಪ್ಪಕ್ಕ ಗಾಣದ ಕಲ್ಲಿಗೆ ಒರಗಿ ಬೀಸುವ ಪದ ಎತ್ತಿದಳು. ಗಿಟಾರು ಕೂಡಲೇ ಅವಳ ಹಿಂದೆ ಬಂತು. ಮೊದಲ ಸಾಲು ಮುಗಿಯಿತು. ಚೌಡಪ್ಪನ ಎರಡು ಪೆಟ್ಟು ಬಿದ್ದವು, ಸ್ಪಷ್ಟವಾಗಿ, ಬಾಗಿಲು ಬಡಿದ ಹಾಗೆ. ಗಿಟಾರು ಸುಮ್ಮನಿತ್ತು. ಪೆಟ್ಟು ಮುಗಿದ ಮೇಲೆ ಮತ್ತೆ ಸೇರಿಕೊಂಡಿತು.

ತಿಪ್ಪಕ್ಕ ಹಾಡು ನಿಲ್ಲಿಸಿದಳು. ನನ್ನನ್ನು ನೋಡಲಿಲ್ಲ. ಎರಡನೇ ಸಾಲು ಹಾಡಿದಳು. ಎರಡು ಪೆಟ್ಟು. ಗಿಟಾರು ಸುಮ್ಮನೆ ಜಾಗ ಬಿಟ್ಟು ಕಾಯಿತು. ಮೂರನೆಯದನ್ನು ಬೇಕೆಂದೇ ಎಳೆದು ಹಾಡಿದಳು, ಪೆಟ್ಟು ತಡವಾಗಿ ಬಂದವು, ಗಿಟಾರೂ ತಡವಾಗಿಯೇ ನಿಂತಿತು.

"ಪ್ರಭಣ್ಣ," ಎಂದಳು ತಿಪ್ಪಕ್ಕ. "ದಸ್ತಗೀರ ಯಾವ ಬಸ್ಸಿಗೆ ಹೋದ?"

ಶಿವಲೀಲಾ ಹೊರಗಿನಿಂದ ಇದನ್ನು ಕೇಳಿಸಿಕೊಂಡಳು. ಎದ್ದು ನಿಂತವಳು ಮತ್ತೆ ಕುಳಿತುಕೊಂಡಳು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅದು ಯಾವುದರ ಅಳು ಎಂದು ನಾನು ಬರೆಯಲಾರೆ.

ಕಚೇರಿಗೆ ಹೋಗಿ ನಗರದ ದೊಡ್ಡಾಸ್ಪತ್ರೆಗೆ ಫೋನು ಮಾಡಿದೆ. ಶವಾಗಾರದಲ್ಲಿ ಗುರುತು ಸಿಗದ ಒಬ್ಬನಿದ್ದ. ಬಸ್‌ಸ್ಟ್ಯಾಂಡಿನ ಎದುರು ರಸ್ತೆ ದಾಟುವಾಗ ಲಾರಿ ಬಡಿದಿತ್ತು. ವಯಸ್ಸು ಇಪ್ಪತ್ತೈದರ ಸುಮಾರು. ಚೀಲ ಕಳುವಾಗಿತ್ತು. ಜೇಬಿನಲ್ಲಿ ಏನಾದರೂ ಇತ್ತೇ ಎಂದು ಕೇಳಿದೆ. ಅತ್ತಲಿನವರು ಹುಡುಕಿ ಬಂದು, ಹಿತ್ತಾಳೆಯದೊಂದು ಕೊಳವೆ ಇದೆ, ಬೆರಳಿನಷ್ಟು, ಅದೇನೆಂದು ನಮಗೆ ತಿಳಿಯಲಿಲ್ಲ ಎಂದರು.

ಖಾಸಿಂಬಿಯ ಮನೆಗೆ ನಾನು ಮತ್ತು ತಿಪ್ಪಕ್ಕ ಹೋದೆವು. ನಮ್ಮ ಹಿಂದೆ ಶಿವಲೀಲಾಳೂ ಬಂದಳು, ಕೈಯಲ್ಲಿ ತೊಳೆದ ಶ್ಯಾವಿಗೆ ಡಬ್ಬಿ ಇತ್ತು. ಅದನ್ನು ಯಾಕೆ ತಂದಳೆಂದು ಅವಳಿಗೂ ಗೊತ್ತಿರಲಿಲ್ಲ. ನಾವು ಹೇಳುವುದನ್ನು ಖಾಸಿಂಬಿ ನಿಂತುಕೊಂಡೇ ಕೇಳಿದಳು. ನಗರಕ್ಕೆ ಯಾರು ಹೋಗಬೇಕೆಂದು ಮೈದುನನಿಗೆ ಹೇಳಿದಳು, ಸೆರಗು ಹೊದ್ದುಕೊಂಡಳು, ನಡೀರಿ ಅಂದಳು. ದಾರಿಯಲ್ಲಿ ಒಂದೇ ಪ್ರಶ್ನೆ ಕೇಳಿದಳು. ಇಷ್ಟು ದಿನ ಅದನ್ನು ಯಾರ್ಯಾರು ಕೇಳಿದರು ಎಂದು. ಊರೆಲ್ಲ ಕೇಳಿತು ಎಂದೆ.

"ಆ ಹೆಸರು ಕೂಗಿದ್ರೆ ಕೈ ಎತ್ತುತಿದ್ನಂತೆ ನನ್ನ ಮಗ," ಅಂದಳು ಖಾಸಿಂಬಿ. "ಸತ್ತ ಮೇಲೂ ಎತ್ಲಿ ಅಂತ ಬಿಟ್ಟಿದ್ರಾ?"

ಸೂರ್ಯ ಇನ್ನೂ ಮುಳುಗಿರಲಿಲ್ಲ. ಗಾಣದ ಬೀದಿಯಲ್ಲಿ ಜನ ಎರಡೂ ಬದಿ ನಿಂತಿದ್ದರು. ಖಾಸಿಂಬಿ ಹೊಸ್ತಿಲಿಗೆ ಬಂದಾಗ ಸಾಲು ಏರುತ್ತಿತ್ತು. ಅವಳು ತಡಮಾಡದೆ ಜೋರಾಗಿ ಹೆಸರು ಹೇಳಿದಳು. "ದಸ್ತಗೀರ್." ಸಾಲು ಅಲ್ಲಿಗೇ ನಿಂತಿತು, ತುದಿ ಮುಟ್ಟುವ ಮೊದಲೇ. ಅಷ್ಟು ದಿನದ ಮೇಲೆ ಬೀದಿಯಲ್ಲಿ ಚಹಾದ ಲೋಟದ ಸದ್ದು ಕೇಳಿಸಿತು.

ಖಾಸಿಂಬಿ ಖಾಲಿ ಮನೆಯೊಳಗೆ ನೋಡುತ್ತ ನಿಂತಳು. ಆಮೇಲೆ ನನ್ನ ಕಡೆ ತಿರುಗಿ, "ನಿಂತೇ ಹೋಯ್ತಲ್ಲಪ್ಪ," ಅಂದಳು. "ಅವನು ನುಡಿಸೋದನ್ನ ನಾನು ಒಂದು ಸಲಾನೂ ಪೂರ್ತಿ ಕೇಳಿರ್ಲಿಲ್ಲ."

ಮರುದಿನ ಐದೂವರೆಗೆ ಅವಳು ಬಂದು ಗಾಣದ ಕಲ್ಲಿನ ಪಕ್ಕ ಕುಳಿತಳು. ಸಾಲು ಬಂತು, ಒಂದೇ ಸಲ. ಏರಿತು, ನಡುಗಿತು, ಇಳಿಯಿತು. ಮುಗಿಯಿತೆಂದು ನಾನು ಏಳುವಷ್ಟರಲ್ಲಿ ಇನ್ನೊಂದು ಎಳೆತ ಬಂತು. ಗಿಡ್ಡದು, ಕೆಳಗಿನ ತಂತಿಯಲ್ಲೇ ಸುತ್ತಿ, ಮೇಲೆ ಹೋಗಲು ನೋಡಿ, ಹೋಗದೆ ಉಳಿಯುವಂಥದ್ದು. ಅದನ್ನು ನಾನು ಹಿಂದೆ ಎಂದೂ ಕೇಳಿರಲಿಲ್ಲ. ತಿಪ್ಪಕ್ಕನೂ ಕೇಳಿರಲಿಲ್ಲ. ಬೀಗದ ಕೈಯನ್ನು ದಸ್ತಗೀರ ಆಗಾಗ ನನ್ನಿಂದ ಇಸಿದುಕೊಂಡು ಹೋಗುತ್ತಿದ್ದ, ಆಂಪ್ಲಿಫೈಯರು ನೋಡಬೇಕು ಎನ್ನುತ್ತಿದ್ದ.

ಓಂಕಾರಪ್ಪ ಮುಂದಿನ ವಾರ ಬಂದ. ಮೊದಲಿನ ಹೋಟೆಲಿನವರು ವಾದ್ಯ ನಿಲ್ಲಿಸಿದ್ದರಿಂದ ಬೇರೆ ಊರಿಗೆ ಹೋಗಿದ್ದ. ಅಲ್ಲಿ ಯಾರೋ ಬಾಳೆಹಣ್ಣು ಸುತ್ತಿಕೊಟ್ಟ ನಮ್ಮ ಪತ್ರಿಕೆಯ ಹಾಳೆಯಲ್ಲಿ ತನ್ನ ಹೆಸರು ನೋಡಿದ್ದ. ಖಾಸಿಂಬಿ ಗುರುತು ಹೇಳಿದ ಮರುದಿನವೇ ನಾವು ತಿದ್ದುಪಡಿ ಹಾಕಿದ್ದೆವು, ಆ ಹಾಳೆ ಅವನಿಗೆ ಸಿಕ್ಕಿರಲಿಲ್ಲ. ಹೊಸ್ತಿಲಲ್ಲಿ ಹೇಳಿದ ಹೆಸರಿನಿಂದ ಬದುಕಿರುವವರನ್ನು ಕರೆಯುವ ರೂಢಿ ನಮ್ಮಲ್ಲಿಲ್ಲ. ಹಾಗಾಗಿ ಊರವರು ಅವನನ್ನು ಏನ್ರೀ ಎನ್ನುತ್ತಾರೆ, ಇಲ್ಲವೇ ಲೀಲಕ್ಕನ ಯಜಮಾನ್ರು ಎನ್ನುತ್ತಾರೆ. ಅವನು ಹೋದ ಮೇಲೆ ಅವನಿಗೆ ಯಾವ ಸದ್ದು ಬರುತ್ತದೆ, ಯಾವ ಹೆಸರಿಗೆ ನಿಲ್ಲುತ್ತದೆ ಎಂದು ಚಹಾದಂಗಡಿಯಲ್ಲಿ ತಗ್ಗಿದ ದನಿಯಲ್ಲಿ ಮಾತಾಡುತ್ತಾರೆ. ಅವನು ಒಳಗೆ ಬಂದರೆ ಮಾತು ಬದಲಿಸುತ್ತಾರೆ.

ಬಂದ ದಿನವೇ ಅವನು ಗಾಣದ ಮನೆಗೆ ಬಂದ. ಐದೂವರೆಯವರೆಗೆ ಕುಳಿತು ಸಾಲು ಕೇಳಿದ. ಗೋಡೆಗೆ ಒರಗಿಸಿದ್ದ ಗಿಟಾರನ್ನು ಮುಟ್ಟಲಿಲ್ಲ. ಆಸ್ಪತ್ರೆಯಿಂದ ತಂದಿದ್ದ ಹಿತ್ತಾಳೆ ಕೊಳವೆಯನ್ನು ಖಾಸಿಂಬಿ ಅವನ ಮುಂದೆ ಹಿಡಿದಳು, ಇದು ನಿನ್ನದಂತಲ್ಲ ಎಂದು. ಅವನು ಕೈ ಮುಂದೆ ಚಾಚಲಿಲ್ಲ. ಕೊನೇಲಿ ಬಂತಲ್ಲಮ್ಮ, ಅದು ನಂದಲ್ಲ, ಕೊಳವೆ ನಿಮ್ಮ ಹತ್ರಾನೇ ಇರ್ಲಿ, ಅಂದ.

ತಂಡ ಈಗ ಹೀಗಿದೆ. ತಿಪ್ಪಕ್ಕ ಹಾಡುತ್ತಾಳೆ, ನಾನು ಬೇಸ್ ನುಡಿಸುತ್ತೇನೆ. ಗಿಟಾರಿಗೆ ಯಾರನ್ನೂ ಸೇರಿಸಿಕೊಂಡಿಲ್ಲ. ಓಂಕಾರಪ್ಪ ತಮಟೆ ಕಲಿತ. ಸಾಲಿನ ಕೊನೆಯ ಎರಡು ಪೆಟ್ಟನ್ನು ಅವನು ಹಾಕುವುದಿಲ್ಲ.